ಬ್ಯಾಟರಿ ಬೇಗ ಖಾಲಿ, ಇನ್ವರ್ಟರ್ ಕೂಗಾಟ: ಮನೆಯ ಸೋಲಾರ್ ವ್ಯವಸ್ಥೆಯಲ್ಲಿ ದೋಷ ಹುಡುಕುವುದು ಹೇಗೆ?

ಸಂಜೆ 7ಕ್ಕೆ ಒಂದು ಫ್ಯಾನು, ನಾಲ್ಕು ಬಲ್ಬು ಹಾಕಿದರೆ ಎಂಟೂವರೆಗೇ ಇನ್ವರ್ಟರ್ ಕೂಗತೊಡಗುತ್ತದೆ. ಹಗಲು ನೋಡಿದರೆ ಚಾರ್ಜ್ ಕಂಟ್ರೋಲರ್‌ನಲ್ಲಿ (ಪ್ಯಾನೆಲಿನಿಂದ ಬ್ಯಾಟರಿಗೆ ಹೋಗುವ ಚಾರ್ಜನ್ನು ನಿಯಂತ್ರಿಸುವ ಪೆಟ್ಟಿಗೆ) ಹಸಿರು ದೀಪ, ಬ್ಯಾಟರಿ ಫುಲ್ ಎಂಬ ಗುರುತು. ಕಡಿಮೆ ಖರ್ಚಿನಲ್ಲಿ ಸ್ವತಃ ಜೋಡಿಸಿಕೊಂಡ ಸೋಲಾರ್ ವ್ಯವಸ್ಥೆಗಳಲ್ಲಿ ಅತಿ ಹೆಚ್ಚು ಕಾಣುವ ತೊಂದರೆ ಇದೇ. ಹೆಚ್ಚಿನವರು ಬ್ಯಾಟರಿ ಸತ್ತಿತೆಂದು ಹೊಸದನ್ನು ತರುತ್ತಾರೆ. ಕೆಲವು ತಿಂಗಳಲ್ಲಿ ಹೊಸದೂ ಹಳೆಯದರ ದಾರಿ ಹಿಡಿಯುತ್ತದೆ. ಬ್ಯಾಟರಿಯನ್ನು ಕೊಂದ ಕಾರಣ ಇನ್ನೂ ಗೋಡೆಯ ಮೇಲೆ ಹಾಗೆಯೇ ಇರುತ್ತದಲ್ಲ! ಆದ್ದರಿಂದ ಅಳೆದು ನೋಡುವ ತನಕ ಯಾವ ಭಾಗವನ್ನೂ ಬದಲಿಸಬೇಡಿ. ಅಳೆಯುವಾಗಲೂ ಕರೆಂಟು ಹರಿಯುತ್ತಿರುವಾಗ ಅಳೆಯಿರಿ. ಲೋಡ್ ಇಲ್ಲದಾಗ ಸಡಿಲವಾದ ಜೋಡಣೆಯೂ, ಸವೆದ ಬ್ಯಾಟರಿಯೂ ಚೆನ್ನಾಗಿರುವಂತೆಯೇ ತೋರಿಸುತ್ತವೆ.

ಇಲ್ಲಿನ ಲೆಕ್ಕಗಳಿಗೆ ಆಧಾರವಾಗಿ ಒಂದು ಸಾಮಾನ್ಯ ಜೋಡಣೆಯನ್ನು ಇಟ್ಟುಕೊಳ್ಳೋಣ: 12 ವೋಲ್ಟಿನ 150 ಎಎಚ್ (ಆಂಪಿಯರ್-ಗಂಟೆ) ಟ್ಯೂಬ್ಯುಲರ್ ಬ್ಯಾಟರಿ (ನೀರು ಹಾಕುವ ಸೀಸದ ಬ್ಯಾಟರಿ), 165 ವ್ಯಾಟಿನ 36 ಸೆಲ್ಲಿನ ಎರಡು ಪ್ಯಾನೆಲ್ (ಪ್ಯಾರಲಲ್‌ನಲ್ಲಿ), 30 ಆಂಪಿಯರಿನ ಪಿಡಬ್ಲ್ಯೂಎಂ ಕಂಟ್ರೋಲರ್ (ಪ್ಯಾನೆಲನ್ನು ನೇರ ಬ್ಯಾಟರಿಗೆ ಸೇರಿಸುತ್ತ ಬಿಡಿಸುತ್ತ ಚಾರ್ಜ್ ಮಾಡುವ ಅಗ್ಗದ ಬಗೆ), 800 ವ್ಯಾಟಿನ ಇನ್ವರ್ಟರ್. ನಿಮ್ಮದು 24 ವೋಲ್ಟಿನ ವ್ಯವಸ್ಥೆಯಾದರೆ ಬ್ಯಾಟರಿಯ ವೋಲ್ಟೇಜ್‌ಗಳನ್ನು ಎರಡರಿಂದ ಗುಣಿಸಿಕೊಳ್ಳಿ.

ಕೈಯಲ್ಲಿ ಇರಬೇಕಾದ್ದು

ಒಂದು ಡಿಜಿಟಲ್ ಮಲ್ಟಿಮೀಟರ್. ಡಿಸಿ ಕರೆಂಟ್ ಅಳೆಯಬಲ್ಲ ಕ್ಲ್ಯಾಂಪ್ ಮೀಟರ್. ಅಗ್ಗದ ಕ್ಲ್ಯಾಂಪ್ ಮೀಟರ್‌ಗಳಲ್ಲಿ ಅನೇಕವು ಎಸಿ ಮಾತ್ರ ಅಳೆಯುತ್ತವೆ, ಬ್ಯಾಟರಿ ವೈರಿಗೆ ಹಾಕಿದರೆ ಸೊನ್ನೆ ತೋರಿಸುತ್ತವೆ, ಕೊಳ್ಳುವಾಗಲೇ ನೋಡಿಕೊಳ್ಳಿ. ನೀರು ಹಾಕುವ ಬ್ಯಾಟರಿಯಾದರೆ ಆಸಿಡ್‌ನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್. ಪರೀಕ್ಷೆಗೆಂದು ವಾಹನದ ಹೆಡ್‌ಲೈಟಿನ 12 ವೋಲ್ಟ್, 55 ವ್ಯಾಟಿನ ಮೂರು ಬಲ್ಬುಗಳು. ಮೂರೂ ಸೇರಿ 13–14 ಆಂಪಿಯರ್ ಎಳೆಯುತ್ತವೆ. ಅವು ಬಿಸಿಯಾಗುತ್ತವೆ, ಹೆಂಚಿನ ಮೇಲೋ ಕಲ್ಲಿನ ಮೇಲೋ ಇಡಿ.

ಸ್ಪ್ಯಾನರಿನ ಹಿಡಿಗೆ ಟೇಪ್ ಸುತ್ತಿ, ಉಂಗುರ, ಬಳೆ, ಗಡಿಯಾರ ತೆಗೆದಿಡಿ. ಬ್ಯಾಟರಿಯ ಎರಡು ಟರ್ಮಿನಲ್ ನಡುವೆ ಸ್ಪ್ಯಾನರ್ ಅಡ್ಡ ಬಿದ್ದರೆ ನೂರಾರು ಆಂಪಿಯರ್ ಹರಿದು ಲೋಹ ಕೆಂಡವಾಗುತ್ತದೆ. ಆಸಿಡ್ ಮುಟ್ಟುವಾಗ ಕನ್ನಡಕ, ಕೈಗವಸು ಇರಲಿ. ಚಾರ್ಜ್ ಆಗುವಾಗ ಹೈಡ್ರೋಜನ್ ಅನಿಲ ಹೊರಬರುತ್ತದೆ. ಕಿಟಕಿ ತೆರೆದಿಡಿ, ಬೆಂಕಿಕಡ್ಡಿ ಗೀರಿ ನೀರಿನ ಮಟ್ಟ ನೋಡುವ ಅಭ್ಯಾಸ ಬೇಡವೇ ಬೇಡ.

ಕಳಚುವ ಕ್ರಮ: ಮೊದಲು ಲೋಡ್ ಮತ್ತು ಇನ್ವರ್ಟರ್ ಆಫ್, ಆಮೇಲೆ ಪ್ಯಾನೆಲ್, ಕೊನೆಗೆ ಬ್ಯಾಟರಿ. ಜೋಡಿಸುವಾಗ ಇದರ ತಿರುಗು ಕ್ರಮ: ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್. ಪ್ಯಾನೆಲ್ ಜೋಡಿಸಿಕೊಂಡೇ ಬ್ಯಾಟರಿ ಬಿಚ್ಚಿದರೆ ಪ್ಯಾನೆಲಿನ ಪೂರ್ತಿ ವೋಲ್ಟೇಜ್ ಕಂಟ್ರೋಲರ್‌ನ ಒಳಗೆ ನುಗ್ಗಿ, ಅದರ ಲೋಡ್ ಕಡೆಯಿರುವ ದೀಪಗಳನ್ನೂ ಸುಡಬಹುದು. ಬಿಸಿಲಿನಲ್ಲಿ ಕರೆಂಟು ಹರಿಯುತ್ತಿರುವಾಗ ಎಂಸಿ4 ಕನೆಕ್ಟರ್ (ಪ್ಯಾನೆಲ್ ವೈರುಗಳನ್ನು ಸೇರಿಸುವ ಪ್ಲಗ್) ಎಳೆಯಬೇಡಿ. ಡಿಸಿ ಕಿಡಿ ತಾನಾಗಿ ಆರುವುದಿಲ್ಲ, ಕನೆಕ್ಟರ್ ಕರಗುತ್ತದೆ. ಮೊದಲು ಪ್ಯಾನೆಲ್ ಲೈನಿನ ಡಿಸಿ ಎಂಸಿಬಿ (ಸುರಕ್ಷಾ ಸ್ವಿಚ್) ಇಳಿಸಿ. ಮನೆಯ ಎಸಿ ಎಂಸಿಬಿಯನ್ನು ಪ್ಯಾನೆಲ್ ಲೈನಿಗೆ ಹಾಕಿದ್ದರೆ ಅದನ್ನು ಬದಲಿಸುವುದೇ ಮೊದಲ ದುರಸ್ತಿ.

ಮೊದಲು ಲೆಕ್ಕ: ಇದು ದೋಷವೇ, ಕೊರತೆಯೇ?

ಎರಡು ಪ್ಯಾನೆಲ್ ಸೇರಿ 330 ವ್ಯಾಟ್. ದಿನಕ್ಕೆ ನಾಲ್ಕೂವರೆ ಗಂಟೆಯ ಪೂರ್ಣ ಬಿಸಿಲು ಸಿಕ್ಕಿತೆನ್ನಿ: 1485 ವ್ಯಾಟ್-ಗಂಟೆ. ಬಿಸಿ, ಧೂಳು, ವೈರು, ಪಿಡಬ್ಲ್ಯೂಎಂ, ಬ್ಯಾಟರಿ ನಷ್ಟ ಎಲ್ಲ ಕಳೆದರೆ ಕೈಗೆ ಬರುವುದು ಸುಮಾರು 65 ಪ್ರತಿಶತ, ಅಂದರೆ 965.

ಈಗ ಖರ್ಚು. 75 ವ್ಯಾಟಿನ ಫ್ಯಾನ್ 8 ಗಂಟೆ: 600. 9 ವ್ಯಾಟಿನ ಐದು ಬಲ್ಬು 5 ಗಂಟೆ: 225. ಒಟ್ಟು 825. ಇನ್ವರ್ಟರ್‌ನ ದಕ್ಷತೆ 85 ಪ್ರತಿಶತವಾದರೆ ಬ್ಯಾಟರಿಯಿಂದ ಹೋಗುವುದು 970. ಇಲ್ಲಿಗೆ ಸರಿಸುಮಾರು ಸಮಬಲ. ಆದರೆ ಲೆಕ್ಕಕ್ಕೆ ಸಿಗದ ಒಂದು ಬಾಬ್ತು ಉಳಿದಿದೆ. ಏನೂ ಲೋಡ್ ಇಲ್ಲದಿದ್ದರೂ ಆನ್ ಇರುವ ಇನ್ವರ್ಟರ್ 10ರಿಂದ 20 ವ್ಯಾಟ್ ತಿನ್ನುತ್ತದೆ. 15 ವ್ಯಾಟ್ ಎಂದರೂ ಉಳಿದ 16 ಗಂಟೆಗೆ 240. ಅಲ್ಲಿಗೆ ಖರ್ಚು 1210, ಆದಾಯ 965. ದಿನಕ್ಕೆ ಸುಮಾರು 20 ಎಎಚ್ ಸಾಲ. ನಾಲ್ಕೇ ದಿನದಲ್ಲಿ 150 ಎಎಚ್ ಬ್ಯಾಟರಿ ಅರ್ಧಕ್ಕೆ ಇಳಿಯುತ್ತದೆ, ಆಮೇಲೆ ಅಲ್ಲೇ ಕೊಳೆಯುತ್ತದೆ.

ನಿಮ್ಮ ಲೆಕ್ಕ ಹೀಗೆ ಬಂದರೆ ಯಾವ ಭಾಗವೂ ಕೆಟ್ಟಿಲ್ಲ. ಬೇಡದಾಗ ಇನ್ವರ್ಟರ್ ಆಫ್ ಮಾಡಿ, ಸಾಧ್ಯವಿದ್ದರೆ ಬಲ್ಬುಗಳನ್ನು ನೇರ 12 ವೋಲ್ಟಿಗೆ ಬದಲಿಸಿ. ಅಷ್ಟರಲ್ಲೇ ಕೊರತೆ ತುಂಬಿಹೋಗುವುದುಂಟು. ಲೆಕ್ಕ ಸರಿಯಿದ್ದೂ ಬ್ಯಾಟರಿ ಬೇಗ ಖಾಲಿಯಾಗುತ್ತಿದ್ದರೆ ಮುಂದೆ ಓದಿ.

ಬ್ಯಾಟರಿ: ನಿಂತಾಗ ಮತ್ತು ದುಡಿಯುವಾಗ

ಸಂಜೆ ಬಿಸಿಲು ಇಳಿದ ಮೇಲೆ ಪ್ಯಾನೆಲ್, ಲೋಡ್ ಎರಡನ್ನೂ ಬಿಡಿಸಿ, ಕನಿಷ್ಠ ಎರಡು ಗಂಟೆ ಬ್ಯಾಟರಿಯನ್ನು ಸುಮ್ಮನೆ ಬಿಡಿ. ಚಾರ್ಜ್ ನಿಂತ ಕೂಡಲೇ ಅಳೆದರೆ 13ಕ್ಕಿಂತ ಮೇಲೆ ತೋರಿಸಿ ಮೋಸ ಹೋಗುತ್ತೀರಿ. ಮೀಟರಿನ ಮೊನೆಯನ್ನು ಲಗ್ಗಿನ (ವೈರಿನ ತುದಿಗೆ ಒತ್ತಿದ ಲೋಹದ ಬಳೆ) ಮೇಲಲ್ಲ, ಬ್ಯಾಟರಿಯ ಸೀಸದ ಕಂಬದ ಮೇಲೆಯೇ ಒತ್ತಿ. 12.7 ಇದ್ದರೆ ಪೂರ್ತಿ ಚಾರ್ಜು, 12.4 ಮುಕ್ಕಾಲು, 12.2 ಅರ್ಧ, 12.0 ಕಾಲು, 11.8ಕ್ಕೆ ಬಂದರೆ ಬರಿದು.

ಹಸಿರು ದೀಪ ತೋರಿಸಿದ ದಿನವೂ ಇಲ್ಲಿ 12.3 ಬಂದರೆ ನಿಮ್ಮ ಬ್ಯಾಟರಿಗೆ ಹೊಟ್ಟೆ ತುಂಬುತ್ತಿಲ್ಲ. ದೋಷ ಚಾರ್ಜಿಂಗ್ ಕಡೆಯಲ್ಲಿದೆ. 12.7 ಬಂದೂ ಸಂಜೆ ಬೇಗ ಕೈಕೊಟ್ಟರೆ ಬ್ಯಾಟರಿಯ ಒಳಗೋ, ಇನ್ವರ್ಟರ್‌ಗೆ ಹೋಗುವ ದಾರಿಯಲ್ಲೋ ತೊಂದರೆ. ಈ ಒಂದು ಅಳತೆ ಹುಡುಕಾಟವನ್ನು ಅರ್ಧಕ್ಕೆ ಇಳಿಸುತ್ತದೆ, ಅದಕ್ಕಾಗಿ ಎರಡು ಗಂಟೆ ಕಾಯುವುದು ದಂಡವಲ್ಲ.

ಹೈಡ್ರೋಮೀಟರ್ ಇನ್ನೂ ಸ್ಪಷ್ಟವಾಗಿ ಹೇಳುತ್ತದೆ. ಆರೂ ಸೆಲ್ಲಿನ ಸಾಂದ್ರತೆ ಬರೆದಿಡಿ. ಪೂರ್ತಿ ಚಾರ್ಜಾದಾಗ ತಯಾರಕರು ಹೇಳಿದಂತೆ 1.240ರಿಂದ 1.265ರವರೆಗೆ ಬರಬೇಕು. ಎಲ್ಲ ಸೆಲ್ಲುಗಳೂ ಒಂದೇ ಸಮ 1.180 ಎಂದರೆ ಹಸಿದಿವೆ ಎಂದರ್ಥ, ಸತ್ತಿಲ್ಲ. ಐದು 1.240, ಒಂದು ಮಾತ್ರ 1.150 ಎಂದರೆ ಆ ಒಂದು ಸೆಲ್ಲು ಕೆಟ್ಟಿದೆ. ಸೆಲ್ಲುಗಳ ನಡುವೆ 0.050ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಸಂಶಯ ಗಟ್ಟಿ. ನೀರು ಹಾಕಿದ ತಕ್ಷಣ ಅಳೆಯಬೇಡಿ, ಮೇಲೆ ಬರೀ ನೀರೇ ತೇಲುತ್ತಿರುತ್ತದೆ. ಒಂದು ಚಾರ್ಜ್ ಮುಗಿದ ಮೇಲೆ ಅಳೆಯಿರಿ. ಎಷ್ಟು ಗಂಟೆ ಚಾರ್ಜ್ ಮಾಡಿದರೂ ವೋಲ್ಟೇಜ್ 13ರ ಆಸುಪಾಸಿನಲ್ಲೇ ಉಳಿದು, ನಿಂತ ಮೇಲೆ 10.5ಕ್ಕೆ ಬಿದ್ದರೆ, ಒಂದು ಸೆಲ್ಲಿನಲ್ಲಿ ಪ್ಲೇಟುಗಳು ಒಳಗೇ ಶಾರ್ಟ್ ಆಗಿವೆ. ಅದು ಸರಿಹೋಗದು. ಅಂಥ ಬ್ಯಾಟರಿಯನ್ನು ಚಾರ್ಜಿಗೆ ಇಟ್ಟೇ ಇರಬೇಡಿ, ಉಳಿದ ಐದು ಸೆಲ್ಲು ಕುದಿಯುತ್ತವೆ.

ಇನ್ನು ದುಡಿಮೆಯ ಪರೀಕ್ಷೆ. ಪೂರ್ತಿ ಚಾರ್ಜಾಗಿ ವಿಶ್ರಾಂತಿ ಪಡೆದ ಬ್ಯಾಟರಿಗೆ ಮೂರು ಹೆಡ್‌ಲೈಟ್ ಬಲ್ಬುಗಳನ್ನು ನೇರವಾಗಿ ಕಟ್ಟಿ, ಒಂದು ಗಂಟೆ ಉರಿಸಿ. 150 ಎಎಚ್‌ನ ಗಟ್ಟಿ ಬ್ಯಾಟರಿ ಗಂಟೆಯ ಕೊನೆಗೂ 12.2ರಿಂದ 12.5ರ ನಡುವೆ ನಿಲ್ಲುತ್ತದೆ. 11.8ಕ್ಕಿಂತ ಕೆಳಗೆ ಜಾರಿದರೆ ಸಾಮರ್ಥ್ಯ ಕರಗಿದೆ. ನಿಖರ ಅಂಕಿ ಬೇಕೆಂದರೆ 10.8 ವೋಲ್ಟ್ ಬರುವ ತನಕ ಉರಿಸಿ, ಗಂಟೆಯನ್ನು ಆಂಪಿಯರಿನಿಂದ ಗುಣಿಸಿ. 14 ಆಂಪಿಯರಿನಲ್ಲಿ 6 ಗಂಟೆ ಬಂದರೆ 84 ಎಎಚ್ ಉಳಿದಿದೆ, ಅಷ್ಟೆ. ಬ್ಯಾಟರಿಯ ಮೇಲೆ ಬರೆದ 150 ಎನ್ನುವುದು ಸಿ10 ದರದ್ದೋ (ಹತ್ತು ಗಂಟೆಯಲ್ಲಿ ಖಾಲಿ ಮಾಡಿದಾಗ ಸಿಗುವುದು) ಸಿ20 ದರದ್ದೋ (ಇಪ್ಪತ್ತು ಗಂಟೆಯಲ್ಲಿ) ನೋಡಿಕೊಳ್ಳಿ. ಸಿ20ಯ 150 ಅನ್ನು ಹತ್ತು ಗಂಟೆಯಲ್ಲಿ ಹಿಂಡಿದರೆ ಅಷ್ಟು ಬರುವುದಿಲ್ಲ. ಈ ಪೂರ್ತಿ ಪರೀಕ್ಷೆ ಬ್ಯಾಟರಿಗೆ ಶ್ರಮದ ಕೆಲಸ, ಆಗಾಗ ಮಾಡಬಾರದು. ಮಾಡಿದ ಮೇಲೆ ತಡಮಾಡದೆ ತುಂಬಿಸಬೇಕು.

ವೈರು ಮತ್ತು ಜೋಡಣೆ: ಹೆಚ್ಚಿನ ದೋಷಗಳ ಮನೆ

ಅಗ್ಗದ ವ್ಯವಸ್ಥೆಯಲ್ಲಿ ಹಣ ಉಳಿಸಲು ಎಲ್ಲರೂ ಕೈ ಹಾಕುವುದು ವೈರಿಗೆ. 12 ವೋಲ್ಟಿನಲ್ಲಿ ಅದೇ ದುಬಾರಿ ತಪ್ಪು. 600 ವ್ಯಾಟಿನ ಲೋಡ್ ಇನ್ವರ್ಟರ್‌ಗೆ ಬಿದ್ದರೆ ಬ್ಯಾಟರಿ ಕೊಡಬೇಕಾದದ್ದು ಸುಮಾರು 60 ಆಂಪಿಯರ್. 6 ಸ್ಕ್ವೇರ್ ಎಂಎಂ ತಾಮ್ರದ ವೈರು ಮೀಟರಿಗೆ 3.1 ಮಿಲಿ ಓಮ್ ತಡೆ ಒಡ್ಡುತ್ತದೆ. ಹೋಗಿ ಬರುವ ದಾರಿ 4 ಮೀಟರ್ ಎಂದರೆ 60 ಆಂಪಿಯರಿನಲ್ಲಿ 0.74 ವೋಲ್ಟ್ ದಾರಿಯಲ್ಲೇ ಮಾಯ. ಬ್ಯಾಟರಿಯಲ್ಲಿ 11.3 ಇರುವಾಗಲೇ ಇನ್ವರ್ಟರ್‌ಗೆ 10.5 ಕಂಡು ಅದು ಕೂಗಿ ಆಫ್ ಆಗುತ್ತದೆ. ಅದೇ ದೂರಕ್ಕೆ 25 ಸ್ಕ್ವೇರ್ ಎಂಎಂ ಹಾಕಿದರೆ ನಷ್ಟ 0.18 ವೋಲ್ಟ್ ಮಾತ್ರ.

ಚಾರ್ಜಿಂಗ್ ಕಡೆಯ ವೈರು ಇನ್ನೂ ಸೂಕ್ಷ್ಮವಾಗಿ ಕೆಡಿಸುತ್ತದೆ. ಹಸಿರು ದೀಪದ ಒಗಟು ಬಿಡಿಸಿಕೊಳ್ಳುವುದೂ ಇಲ್ಲೇ. ಕಂಟ್ರೋಲರ್ ಬ್ಯಾಟರಿಯ ವೋಲ್ಟೇಜನ್ನು ತನ್ನ ಟರ್ಮಿನಲಿನಲ್ಲೇ ಅಳೆದುಕೊಳ್ಳುತ್ತದೆ, ಬ್ಯಾಟರಿಯ ಬಳಿ ಅಲ್ಲ. ಕಂಟ್ರೋಲರ್‌ನಿಂದ ಬ್ಯಾಟರಿ 4 ಮೀಟರ್ ದೂರದಲ್ಲಿದ್ದು, ನಡುವೆ 2.5 ಸ್ಕ್ವೇರ್ ಎಂಎಂ ವೈರು ಎಳೆದಿದ್ದರೆ, 15 ಆಂಪಿಯರ್ ಹರಿಯುವಾಗ ಸುಮಾರು 0.9 ವೋಲ್ಟ್ ನಷ್ಟ. ಕಂಟ್ರೋಲರ್‌ಗೆ 14.4 ಕಾಣುತ್ತದೆ, ಗುರಿ ಮುಟ್ಟಿತೆಂದು ಅದು ಕರೆಂಟ್ ಇಳಿಸತೊಡಗುತ್ತದೆ. ಬ್ಯಾಟರಿಗೆ ಸಿಕ್ಕಿದ್ದು 13.5 ಮಾತ್ರ. ಕರೆಂಟ್ ಇಳಿದಂತೆ ನಷ್ಟವೂ ಇಳಿಯುತ್ತದೆ ನಿಜ, ಬ್ಯಾಟರಿ ನಿಧಾನವಾಗಿ ಏರುತ್ತದೆ. ಆದರೆ ಅಷ್ಟರಲ್ಲಿ ಸೂರ್ಯ ಮುಳುಗುತ್ತಾನೆ. ದಿನವೂ ಹೀಗೆ ಅರೆಹೊಟ್ಟೆಯಲ್ಲಿ ಮಲಗಿದ ಬ್ಯಾಟರಿಯ ಪ್ಲೇಟಿನ ಮೇಲೆ ಸೀಸದ ಸಲ್ಫೇಟ್ ಗಟ್ಟಿ ಹರಳಾಗಿ ಕೂರುತ್ತದೆ. ಹೊಸ ಬ್ಯಾಟರಿ ಬೇಗ ಸಾಯುವುದರ ಹಿಂದೆ ಬಹುಪಾಲು ಈ ಕಥೆಯೇ ಇರುತ್ತದೆ. ಪರಿಹಾರ: ಕಂಟ್ರೋಲರನ್ನು ಬ್ಯಾಟರಿಯಿಂದ ಒಂದು ಮೀಟರಿನೊಳಗೆ ತನ್ನಿ, ವೈರು 10 ಸ್ಕ್ವೇರ್ ಎಂಎಂ ಹಾಕಿ. ಆದರೆ ಬ್ಯಾಟರಿಯ ನೇರ ಮೇಲೆ ನೇತುಹಾಕಬೇಡಿ, ಆಸಿಡ್ ಆವಿ ಬೋರ್ಡನ್ನು ತಿನ್ನುತ್ತದೆ.

ಯಾವ ಜೋಡಣೆ ಕೆಟ್ಟಿದೆ ಎಂದು ಹುಡುಕಲು ಮಲ್ಟಿಮೀಟರನ್ನು ಮಿಲಿವೋಲ್ಟ್‌ಗೆ ಇಟ್ಟು, ಲೋಡ್ ಓಡುತ್ತಿರುವಾಗ ಪ್ರತಿ ಜೋಡಣೆಯ ಅತ್ತ ಒಂದು ಮೊನೆ, ಇತ್ತ ಒಂದು ಮೊನೆ ಒತ್ತಿ: ಬ್ಯಾಟರಿ ಕಂಬದಿಂದ ಲಗ್ಗಿಗೆ, ಲಗ್ಗಿನಿಂದ ವೈರಿನ ತಾಮ್ರಕ್ಕೆ, ಫ್ಯೂಸಿನ ಎರಡು ತುದಿಗೆ, ಸ್ವಿಚ್ಚಿನ ಎರಡು ತುದಿಗೆ. 50 ಆಂಪಿಯರ್ ಹರಿಯುವಾಗ ಒಳ್ಳೆಯ ಜೋಡಣೆ ಕೆಲವೇ ಮಿಲಿವೋಲ್ಟ್ ತೋರಿಸುತ್ತದೆ. 100 ತೋರಿಸಿದರೆ ಅಲ್ಲಿ 5 ವ್ಯಾಟ್ ಶಾಖ ಹುಟ್ಟುತ್ತಿದೆ. ಕೈ ಹತ್ತಿರ ತಂದರೆ ಬಿಸಿ ತಟ್ಟುತ್ತದೆ. ಬಿಚ್ಚಿ, ಬಿಳಿ-ಹಸಿರು ಪುಡಿಯನ್ನು ಅಡುಗೆ ಸೋಡಾ ಕದಡಿದ ನೀರಿನಿಂದ ತೊಳೆದು (ಸೆಲ್ಲಿನೊಳಗೆ ಒಂದು ಹನಿಯೂ ಬೀಳಬಾರದು), ಉಜ್ಜಿ, ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿ. ಇಕ್ಕಳದಲ್ಲಿ ಒತ್ತಿದ ಲಗ್ಗನ್ನು ಕತ್ತರಿಸಿ ಎಸೆದು, ಕ್ರಿಂಪಿಂಗ್ ಟೂಲಿನಲ್ಲಿ ಹೊಸದನ್ನು ಒತ್ತಿಸಿ.

ಪ್ಯಾನೆಲ್ ಮತ್ತು ಕಂಟ್ರೋಲರ್

ಮಧ್ಯಾಹ್ನ ಕಂಟ್ರೋಲರ್ 2 ಆಂಪಿಯರ್ ತೋರಿಸುತ್ತಿದೆ ಎಂದ ಮಾತ್ರಕ್ಕೆ ಗಾಬರಿ ಬೇಡ. ಬ್ಯಾಟರಿ ತುಂಬಿದ್ದರೆ ಅದು ಬೇಕೆಂದೇ ಕಡಿಮೆ ಮಾಡಿರುತ್ತದೆ. 200 ವ್ಯಾಟಿನಷ್ಟು ಲೋಡ್ ಹಾಕಿ ನೋಡಿ. ಆಂಪಿಯರ್ ಕೂಡಲೇ ಏರಿದರೆ ಪ್ಯಾನೆಲ್ ಆರೋಗ್ಯವಾಗಿದೆ. ಏರದಿದ್ದರೆ ಪ್ರತಿ ಪ್ಯಾನೆಲಿನ ವೈರಿಗೂ ಕ್ಲ್ಯಾಂಪ್ ಹಾಕಿ ಹೋಲಿಸಿ. ಒಂದು 7, ಇನ್ನೊಂದು 1 ಎಂದರೆ ಕಳ್ಳ ಸಿಕ್ಕಂತೆ.

ಆ ಪ್ಯಾನೆಲನ್ನು ಬಿಡಿಸಿ ಬಿಸಿಲಿನಲ್ಲೇ ತೆರೆದ ವೋಲ್ಟೇಜ್ ಅಳೆಯಿರಿ. 36 ಸೆಲ್ಲಿನದಕ್ಕೆ ಲೇಬಲಿನಲ್ಲಿ 22ರ ಹತ್ತಿರ ಇರುತ್ತದೆ. ಬಿಸಿ ಪ್ಯಾನೆಲಿನಲ್ಲಿ 19.5–20.5 ಬಂದರೂ ಸರಿ, ಏಕೆಂದರೆ 25 ಡಿಗ್ರಿಯ ಮೇಲೆ ಪ್ರತಿ ಡಿಗ್ರಿಗೆ ಸುಮಾರು 0.3 ಪ್ರತಿಶತ ವೋಲ್ಟೇಜ್ ಇಳಿಯುತ್ತದೆ. 11ರ ಆಸುಪಾಸು ಬಂದರೆ ಬೈಪಾಸ್ ಡಯೋಡ್ (ನೆರಳು ಬಿದ್ದ ಸೆಲ್ಲುಗಳನ್ನು ಬಿಟ್ಟು ಕರೆಂಟನ್ನು ಸುತ್ತಿಸಿ ಕಳಿಸುವ ಭಾಗ) ಶಾರ್ಟ್ ಆಗಿದೆ: 36 ಸೆಲ್ಲಿನ ಪ್ಯಾನೆಲಿನಲ್ಲಿ ಸಾಮಾನ್ಯವಾಗಿ ಎರಡು ಡಯೋಡ್, ಒಂದು ಹೋದರೆ ಅರ್ಧ ವೋಲ್ಟೇಜ್ ಹೋಗುತ್ತದೆ. 72 ಸೆಲ್ಲಿನದರಲ್ಲಿ ಮೂರಿರುತ್ತವೆ, ಹಾಗಾಗಿ 45ರ ಬದಲು 30 ಕಾಣುತ್ತದೆ. ಹಿಂದಿನ ಜಂಕ್ಷನ್ ಬಾಕ್ಸ್ ತೆರೆಯಲು ಬರುವಂತಿದ್ದರೆ ಅಷ್ಟೇ ಆಂಪಿಯರಿನ ಷಾಟ್ಕಿ ಡಯೋಡ್ ಹಾಕಿದರಾಯಿತು. ವೋಲ್ಟೇಜ್ ಸರಿಯಿದ್ದು ಕರೆಂಟ್ ಬರದಿದ್ದರೆ ಎಂಸಿ4 ಒಳಗಿನ ಪಿನ್ ಸಡಿಲವೋ ಕಪ್ಪಾಗಿದೆಯೋ ನೋಡಿ. ಬೇರೆ ಬೇರೆ ತಯಾರಕರ ಗಂಡು-ಹೆಣ್ಣು ಕನೆಕ್ಟರ್ ಸೇರಿಸಿದ್ದರೆ ಇದು ಇನ್ನೂ ಸಾಮಾನ್ಯ.

ಶಾರ್ಟ್ ಸರ್ಕ್ಯೂಟ್ ಕರೆಂಟ್ ನೋಡಬೇಕಿದ್ದರೆ ಪ್ಯಾನೆಲಿಗೆ ದಪ್ಪ ಬಟ್ಟೆ ಹೊದಿಸಿ, ಮೀಟರಿನ 10 ಆಂಪಿಯರ್ ಕಿಂಡಿಗೆ ಕಟ್ಟಿ, ಬಟ್ಟೆ ತೆಗೆದು ಓದಿ, ಮತ್ತೆ ಹೊದಿಸಿ ಬಿಡಿಸಿ. ಲೇಬಲಿನ ಕರೆಂಟ್ 10ಕ್ಕಿಂತ ಹೆಚ್ಚಿದ್ದರೆ ಕ್ಲ್ಯಾಂಪ್ ಮೀಟರೇ ಗತಿ. ಇದನ್ನು ಪ್ಯಾನೆಲಿಗೆ ಮಾತ್ರ ಮಾಡಬಹುದು, ಬ್ಯಾಟರಿಗೆ ಎಂದಿಗೂ ಇಲ್ಲ.

ಎಲ್ಲ ಭಾಗವೂ ಸರಿಯಿದ್ದು ಫಲ ಮಾತ್ರ ಮೂರನೇ ಒಂದು ಭಾಗ ಎಂದರೆ, ಹೊಂದಾಣಿಕೆ ತಪ್ಪಿದೆಯೇ ನೋಡಿ. 72 ಸೆಲ್ಲಿನ 335 ವ್ಯಾಟಿನ ಪ್ಯಾನೆಲ್ ಅಗ್ಗಕ್ಕೆ ಸಿಕ್ಕಿತೆಂದು 12 ವೋಲ್ಟ್ ಬ್ಯಾಟರಿಗೆ ಪಿಡಬ್ಲ್ಯೂಎಂ ಮೂಲಕ ಕಟ್ಟುವವರು ಬಹಳ. ಪಿಡಬ್ಲ್ಯೂಎಂ ಪ್ಯಾನೆಲನ್ನು ಬ್ಯಾಟರಿಯ ವೋಲ್ಟೇಜಿಗೇ ಎಳೆದು ಕೂರಿಸುತ್ತದೆ: 8.9 ಆಂಪಿಯರ್ × 13 ವೋಲ್ಟ್ = 116 ವ್ಯಾಟ್. ಉಳಿದದ್ದು ಬರುವುದೇ ಇಲ್ಲ. ಎಂಪಿಪಿಟಿ (ಪ್ಯಾನೆಲಿನ ಹೆಚ್ಚಿನ ವೋಲ್ಟೇಜನ್ನು ಹೆಚ್ಚು ಕರೆಂಟಾಗಿ ಬದಲಿಸುವ ಕಂಟ್ರೋಲರ್) ಹಾಕಿದರೆ ಇದೇ ಪ್ಯಾನೆಲ್ ಎರಡರಷ್ಟಕ್ಕಿಂತ ಹೆಚ್ಚು ಕೊಡುತ್ತದೆ. ಆದರೆ ಎಂಪಿಪಿಟಿಯ ಗರಿಷ್ಠ ವೋಲ್ಟೇಜ್ ಮೀರಬೇಡಿ. 46 ವೋಲ್ಟಿನ ಎರಡು ಪ್ಯಾನೆಲ್ ಸೀರೀಸ್‌ನಲ್ಲಿ 92. 5 ಡಿಗ್ರಿಯ ಚಳಿ ಬೆಳಗಿನಲ್ಲಿ ಅದೇ 97 ದಾಟುತ್ತದೆ. 100 ವೋಲ್ಟಿನ ಕಂಟ್ರೋಲರ್‌ಗೆ ಅದು ಅಂಚಿನ ನಡಿಗೆ.

ಕಂಟ್ರೋಲರ್‌ನಲ್ಲಿ ಬ್ಯಾಟರಿಯ ಬಗೆ ಸರಿಯಾಗಿ ಆರಿಸಿದೆಯೇ? ನೀರು ಹಾಕುವ ಬ್ಯಾಟರಿಗೆ 14.4–14.8, ಫ್ಲೋಟ್ (ತುಂಬಿದ ಮೇಲೆ ಹಿಡಿದಿಡುವ ವೋಲ್ಟೇಜ್) 13.5–13.8. ಜೆಲ್ ಎಂದು ಇಟ್ಟಿದ್ದರೆ ಟ್ಯೂಬ್ಯುಲರ್ ಬ್ಯಾಟರಿ ಎಂದೂ ಪೂರ್ತಿ ತುಂಬದು.

ಇನ್ವರ್ಟರ್ ಕಡೆ

ಲೋಡ್ ಹಾಕಿ, ಬ್ಯಾಟರಿ ಕಂಬದಲ್ಲೂ ಇನ್ವರ್ಟರ್ ಟರ್ಮಿನಲಿನಲ್ಲೂ ಒಂದೇ ಹೊತ್ತಿಗೆ ಅಳೆಯಿರಿ. ಎರಡೂ 12ರ ಮೇಲಿದ್ದು ಆದರೂ ಕೂಗಿದರೆ ಮಾತ್ರ ಇನ್ವರ್ಟರ್ ಮೇಲೆ ಅನುಮಾನ. ಫ್ರಿಜ್, ಪಂಪು ಶುರುವಾಗುವ ಕ್ಷಣ ಓಡುವಾಗಿನ ಐದಾರು ಪಟ್ಟು ಕರೆಂಟ್ ಎಳೆಯುತ್ತವೆ. 150 ವ್ಯಾಟಿನ ಫ್ರಿಜ್ಜಿಗೆ 800 ವ್ಯಾಟಿನ ಇನ್ವರ್ಟರ್ ಟ್ರಿಪ್ ಆದರೆ ಅದು ಕೆಟ್ಟದ್ದಲ್ಲ, ಸಾಲದ್ದು. ಚೌಕ ಅಲೆಯ ಇನ್ವರ್ಟರ್‌ನಲ್ಲಿ ಫ್ಯಾನ್ ಗುಂಯ್‌ಗುಟ್ಟುವುದು, ಬಿಸಿಯಾಗುವುದು ಅದರ ಸ್ವಭಾವ. ಅಗ್ಗದ ಮೀಟರ್ ಅದರ ವೋಲ್ಟೇಜನ್ನು ತಪ್ಪಾಗಿ ತೋರಿಸುತ್ತದೆ, ಟ್ರೂ ಆರ್‌ಎಂಎಸ್ ಮೀಟರ್ (ಯಾವ ಆಕಾರದ ಅಲೆಯನ್ನೂ ಸರಿಯಾಗಿ ಅಳೆಯುವುದು) ಬೇಕು. ಇನ್ವರ್ಟರ್‌ನ ನ್ಯೂಟ್ರಲ್ ಮತ್ತು ಬೀದಿ ಲೈನಿನ ನ್ಯೂಟ್ರಲ್ ಮನೆಯ ವೈರಿಂಗಿನಲ್ಲಿ ಎಲ್ಲೋ ಸೇರಿಕೊಂಡರೆ ಇಎಲ್‌ಸಿಬಿ (ಕರೆಂಟು ಸೋರಿದರೆ ಕಡಿಯುವ ಸುರಕ್ಷಾ ಸ್ವಿಚ್) ಕಾರಣವಿಲ್ಲದೆ ಬೀಳುತ್ತದೆ. ಆ ಕೆಲಸವನ್ನು ಎಲೆಕ್ಟ್ರಿಷಿಯನ್‌ಗೇ ಬಿಡಿ. ಇನ್ವರ್ಟರ್‌ನ ಔಟ್‌ಪುಟ್ಟನ್ನು ಪ್ಲಗ್ ಮೂಲಕ ಮನೆಯ ಸಾಕೆಟ್ಟಿಗೆ ಹಿಮ್ಮುಖ ತುಂಬುವುದು ಪ್ರಾಣಾಪಾಯ.

ಲಿಥಿಯಂ ಫಾಸ್ಫೇಟ್ ಬ್ಯಾಟರಿ ಇದ್ದರೆ

ವಿಶ್ರಾಂತಿಯ ವೋಲ್ಟೇಜ್ ನೋಡಿ ಚಾರ್ಜ್ ಊಹಿಸುವ ವಿದ್ಯೆ ಇಲ್ಲಿ ನಡೆಯದು. ಬಹುಪಾಲು ಹೊತ್ತು 13.0–13.3ರಲ್ಲೇ ನಿಂತಿರುತ್ತದೆ. ಟರ್ಮಿನಲಿನಲ್ಲಿ ಸೊನ್ನೆಯೋ ಒಂದೆರಡು ವೋಲ್ಟೋ ಕಂಡರೆ ಸತ್ತಿತೆಂದು ಎಸೆಯಬೇಡಿ, ಬಿಎಂಎಸ್ (ಬ್ಯಾಟರಿಯ ಒಳಗಿನ ಕಾವಲು ಸರ್ಕ್ಯೂಟ್) ಬಾಗಿಲು ಹಾಕಿರುತ್ತದೆ. ಲಿಥಿಯಂ ಚಾರ್ಜರ್ ಕಟ್ಟಿದರೆ ಸಾಮಾನ್ಯವಾಗಿ ಎಚ್ಚರಗೊಳ್ಳುತ್ತದೆ. ಕಂಟ್ರೋಲರ್‌ನಲ್ಲಿ 14.2–14.4, ಫ್ಲೋಟ್ 13.5, ಈಕ್ವಲೈಸ್ (ಬೇಕೆಂದೇ ಹೆಚ್ಚಿನ ವೋಲ್ಟೇಜಿನಲ್ಲಿ ಚಾರ್ಜ್ ಮಾಡುವುದು) ಆಫ್. ಸೀಸದ ಬ್ಯಾಟರಿಯ ಸೆಟ್ಟಿಂಗನ್ನೇ ಉಳಿಸಿಕೊಂಡರೆ ಈಕ್ವಲೈಸ್ ದಿನ ವೋಲ್ಟೇಜ್ 15 ದಾಟಿ ಬಿಎಂಎಸ್ ಕಡಿದುಕೊಳ್ಳುತ್ತದೆ, ಪ್ಯಾನೆಲ್ ಮಾತ್ರ ಉಳಿದು ಕಂಟ್ರೋಲರ್ ಸುಡುವ ಸಂಭವವಿದೆ. ಸೊನ್ನೆ ಡಿಗ್ರಿಯ ಕೆಳಗೆ ಇದನ್ನು ಚಾರ್ಜ್ ಮಾಡಬಾರದು.

ಅರೆಹೊಟ್ಟೆಯ ಬ್ಯಾಟರಿಯನ್ನು ಎತ್ತಿ ನಿಲ್ಲಿಸುವುದು

ವೈರು, ಸೆಟ್ಟಿಂಗು ಸರಿಪಡಿಸಿದ ಮೇಲೆ, ನೀರು ಹಾಕುವ ಬ್ಯಾಟರಿಯ ಆರೂ ಸೆಲ್ಲು ಒಂದೇ ಸಮ ಕಡಿಮೆ ತೋರಿಸುತ್ತಿದ್ದರೆ ಎಸೆಯುವ ಮುನ್ನ ಈಕ್ವಲೈಸ್ ಮಾಡಿ. ಪ್ಲೇಟು ಮುಳುಗುವಷ್ಟು ಡಿಸ್ಟಿಲ್ಡ್ ವಾಟರ್ ಇರಲಿ, ಲೋಡ್ ಬಿಡಿಸಿ, ಗಾಳಿಯಾಡುವ ಜಾಗದಲ್ಲಿ ಪೂರ್ತಿ ಚಾರ್ಜಿನ ನಂತರ 15–15.5 ವೋಲ್ಟಿನಲ್ಲಿ ಸಣ್ಣ ಕರೆಂಟ್ ಹರಿಸಿ. ಗಂಟೆಗೊಮ್ಮೆ ಸಾಂದ್ರತೆ ಬರೆದಿಡಿ. ಮೂರು ಸಲ ಸತತ ಅದೇ ಅಂಕಿ ಬಂದರೆ ನಿಲ್ಲಿಸಿ. ಬ್ಯಾಟರಿ 50 ಡಿಗ್ರಿ ಮುಟ್ಟಿದರೆ ಆಗಲೇ ನಿಲ್ಲಿಸಿ. ಸೀಲ್ಡ್, ಜೆಲ್, ಲಿಥಿಯಂ ಬ್ಯಾಟರಿಗಳಿಗೆ ಇದನ್ನು ಮಾಡಬಾರದು. ಆಮೇಲೆ ಹೆಡ್‌ಲೈಟ್ ಬಲ್ಬಿನ ಒಂದು ಗಂಟೆಯ ಪರೀಕ್ಷೆ ಮತ್ತೊಮ್ಮೆ ಮಾಡಿ. ಹಿಂದಿಗಿಂತ 0.2–0.3 ವೋಲ್ಟ್ ಮೇಲೆ ನಿಂತರೆ ಇನ್ನೆರಡು ಮೂರು ವಾರ ದಿನವೂ ಪೂರ್ತಿ ತುಂಬಿಸುತ್ತ ಹೋಗಿ, ಇನ್ನೂ ಸ್ವಲ್ಪ ಚೇತರಿಸಿಕೊಳ್ಳಬಹುದು. ಕದಲದಿದ್ದರೆ ಬದಲಿಸಿ. ಹಳೆಯದರ ಜೊತೆಗೆ ಹೊಸದನ್ನು ಪ್ಯಾರಲಲ್ ಕಟ್ಟಬೇಡಿ. ಹೊಸ ಲಗ್ಗುಗಳನ್ನು ಒಂದು ತಿಂಗಳ ನಂತರ ಮತ್ತೆ ಬಿಗಿಯಿರಿ, ಸೀಸವೂ ತಾಮ್ರವೂ ಒತ್ತಡಕ್ಕೆ ತುಸು ತಗ್ಗಿರುತ್ತವೆ.